ಹೆಸರಿಲ್ಲದ ಸೀಸೆಯನ್ನು ಮನೆಯೊಳಗೆ ಇಡದಿರೋಣ

ಶರಣ ಮಡಿವಾಳ ಮಾಚಿದೇವರ ಕಾಯಕವು ಶರಣರ ಬಟ್ಟೆಗಳನ್ನು ಮಡಿ ಮಾಡುವುದಾಗಿತ್ತು. ಒಗೆಯುವ ಕೆಲಸವನ್ನು ಕೀಳೆಂದು ಎಣಿಸಿದ್ದ ಲೋಕದ ಎದುರಿನಲ್ಲಿ ಅದನ್ನೇ ಪೂಜೆಯ ಎತ್ತರಕ್ಕೆ ಒಯ್ದ ಹಿರಿಮೆ ಅವರದು. ನಮ್ಮ ಅಜ್ಜಿಯರ ಕಾಲದವರೆಗೂ ಈ ನಾಡಿನ ಹಳ್ಳ-ಕೆರೆಗಳ ದಂಡೆಯಲ್ಲಿ ಬಟ್ಟೆಯ ಕೊಳೆ ತೆಗೆಯುತ್ತಿದ್ದುದು ಚೌಳುಮಣ್ಣು, ಬೂದಿಯ ತಿಳಿನೀರು ಮತ್ತು ಅಂಟುವಾಳಕಾಯಿ. ಇವೆಲ್ಲವೂ ನಿರಪಾಯವಾಗಿದ್ದವು ಎಂದು ನಾನು ಹೇಳಲಾರೆ. ಚೌಳುಮಣ್ಣಿನಲ್ಲಿ ದಿನವೂ ಕೈಯಾಡಿಸಿದವರ ಅಂಗೈ ಬಿರಿಯುತ್ತಿತ್ತು. ಆದರೆ ಒಂದು ಅನುಕೂಲವಿತ್ತು: ಆ ವಸ್ತುಗಳನ್ನು ಕಂಡ ಕೂಡಲೇ ಮಗುವಿಗೂ ಅವುಗಳ ಗುರುತು ಸಿಗುತ್ತಿತ್ತು. ಬೂದಿಯನ್ನು ಶರಬತ್ತೆಂದು ಯಾರೂ ಕುಡಿಯುತ್ತಿರಲಿಲ್ಲ.

ಇಂದು ನಮ್ಮ ಬಚ್ಚಲುಮನೆಯ ಹಲಗೆಯ ಮೇಲಿರುವ ದ್ರಾವಣಗಳ ಸಂಗತಿ ಹಾಗಿಲ್ಲ. ಒಂದಕ್ಕೆ ನಿಂಬೆಯ ಪರಿಮಳ, ಇನ್ನೊಂದಕ್ಕೆ ಗುಲಾಬಿಯ ಬಣ್ಣ, ಮತ್ತೊಂದು ನೋಡಲು ಶುದ್ಧ ನೀರಿನಂತೆ. ಕಣ್ಣು, ಮೂಗುಗಳು ಇಲ್ಲಿ ನಮಗೆ ನೆರವಾಗುವುದಿಲ್ಲ. ಸೀಸೆಯೊಳಗೆ ಏನಿದೆ ಎಂಬುದನ್ನು ಹೇಳುವುದು ಅದರ ಮೇಲೆ ಅಂಟಿಸಿದ ಚೀಟಿ, ಅಂದರೆ ಲೇಬಲ್, ಮಾತ್ರ. ಆದ್ದರಿಂದ ಈ ತಿಂಗಳ ಆರೋಗ್ಯ ವಿಭಾಗದಲ್ಲಿ ಆ ಚೀಟಿಯ ಕುರಿತೇ ಸದ್ಭಕ್ತರೊಡನೆ ನಾಲ್ಕು ಮಾತುಗಳನ್ನು ಹಂಚಿಕೊಳ್ಳಬಯಸುತ್ತೇನೆ.

ಒಂದು ಮುಂಜಾನೆಯ ಘಟನೆ

ಕೆಲವು ವರ್ಷಗಳ ಹಿಂದಿನ ಮಾತು. ಒಂದು ಮುಂಜಾನೆ ನನ್ನ ಚಿಕಿತ್ಸಾಲಯಕ್ಕೆ ನಾಲ್ಕು ವರ್ಷದ ಬಾಲಕನನ್ನು ಎತ್ತಿಕೊಂಡು ಬಂದರು. ಬಟ್ಟೆಯನ್ನು ಬೆಳ್ಳಗೆ ಮಾಡುವ ದ್ರಾವಣವನ್ನು ಓಣಿಯಲ್ಲಿ ಸೈಕಲ್ ಮೇಲೆ ಮಾರುವವನಿಂದ ಕೊಂಡು, ಖಾಲಿಯಾಗಿದ್ದ ತಂಪು ಪಾನೀಯದ ಬಾಟಲಿಯಲ್ಲಿ ತುಂಬಿಸಿ ಇಟ್ಟಿದ್ದರು. ಮಗು ಪಾನೀಯವೆಂದೇ ತಿಳಿದು ಎರಡು ಗುಟುಕು ಕುಡಿದಿತ್ತು. ಮನೆಯ ಹಿರಿಯರು ಪ್ರೀತಿಯಿಂದಲೇ, ವಿಷ ಹೊರಬರಲೆಂದು, ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿದ್ದರು. ತುಟಿ ಊದಿತ್ತು, ಜೊಲ್ಲು ಸುರಿಯುತ್ತಿತ್ತು, ಮಗುವಿಗೆ ಎಂಜಲನ್ನೂ ನುಂಗಲಾಗುತ್ತಿರಲಿಲ್ಲ.

ಮಗುವನ್ನು ಕೂಡಲೇ ದೊಡ್ಡ ಆಸ್ಪತ್ರೆಗೆ ಕಳುಹಿಸಿ, ಅಲ್ಲಿಯ ವೈದ್ಯರಿಗೆ ದೂರವಾಣಿ ಮಾಡಿದೆ. ಅವರು ಕೇಳಿದ ಮೊದಲ ಪ್ರಶ್ನೆ: "ಕುಡಿದದ್ದು ಏನು? ಎಷ್ಟು ತೀಕ್ಷ್ಣವಾದದ್ದು?" ನಮ್ಮಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ. ಬಾಟಲಿಯ ಮೇಲಿದ್ದದ್ದು ಪಾನೀಯದ ಹೆಸರು. ಮಾರಿದವನು ಯಾರೆಂಬುದು ಗೊತ್ತಿರಲಿಲ್ಲ. ಮಗು ಬದುಕಿತು. ಆದರೆ ಸುಟ್ಟ ಅನ್ನನಾಳವು ಮಾಯುವಾಗ ಕಿರಿದಾಯಿತು. ಅದನ್ನು ಹಿಗ್ಗಿಸಲು ಆ ಮಗು ವರ್ಷಗಟ್ಟಲೆ ಆಸ್ಪತ್ರೆಗೆ ಅಲೆಯಬೇಕಾಯಿತು. ಆ ಬಾಟಲಿಯಲ್ಲಿ ಏನಿತ್ತೆಂಬುದು ಇಂದಿಗೂ ತಿಳಿಯದು.

ಕ್ಷಾರದ ಶಕ್ತಿ

ಆಯುರ್ವೇದದಲ್ಲಿ ಕ್ಷಾರವೆಂಬುದು ಹೊಸ ಪದವಲ್ಲ. ಸುಶ್ರುತಾಚಾರ್ಯರು ಕ್ಷಾರಕರ್ಮವನ್ನು ಶಸ್ತ್ರಕರ್ಮದ ಸಾಲಿನಲ್ಲಿಯೇ ನಿಲ್ಲಿಸಿದ್ದಾರೆ. ಇಂದಿಗೂ ಭಗಂದರ ರೋಗದಲ್ಲಿ ಕ್ಷಾರಸೂತ್ರವನ್ನು ಕಟ್ಟಿದಾಗ ಆ ದಾರಕ್ಕೆ ಲೇಪಿಸಿದ ಕ್ಷಾರವು ಮಾಂಸವನ್ನು ನಿಧಾನವಾಗಿ ಕತ್ತರಿಸುತ್ತಾ ಹೋಗುತ್ತದೆ. ಅಳತೆಯಿಂದ, ಅರಿತವರ ಕೈಯಿಂದ, ಬೇಕಾದ ಜಾಗದಲ್ಲಿ ಬಳಸಿದಾಗ ಅದು ಚಿಕಿತ್ಸೆ. ಅಳತೆಯಿಲ್ಲದೆ ಮಗುವಿನ ಗಂಟಲಿಗೆ ಇಳಿದಾಗ ಅದೇ ಶಕ್ತಿಯು ಅನ್ನನಾಳವನ್ನು ಕರಗಿಸುತ್ತದೆ. ಆಮ್ಲವು ತಗುಲಿದ ಜಾಗದಲ್ಲಿ ಮಾಂಸವನ್ನು ಹೆಪ್ಪುಗಟ್ಟಿಸುತ್ತದೆ. ಕ್ಷಾರವು ಮಾಂಸವನ್ನು ಕರಗಿಸಿ ಆಳಕ್ಕೆ ಇಳಿಯುತ್ತದೆ. ಆದ್ದರಿಂದಲೇ ಅದು ಹೆಚ್ಚು ಅಪಾಯಕರ.

ಬಟ್ಟೆ ಒಗೆಯುವ ಪುಡಿಯಲ್ಲಿ ಕೊಳೆ ಬಿಡಿಸುವ ರಾಸಾಯನಿಕದ ಜೊತೆಗೆ ಒಗೆಯುವ ಸೋಡವಿರುತ್ತದೆ, ಇದೂ ಕ್ಷಾರವೇ. ಬ್ಲೀಚ್ ಎಂದು ಮಾರುವ ದ್ರಾವಣವು ಸೋಡಿಯಂ ಹೈಪೋಕ್ಲೋರೈಟ್. ಬಿಡಿಯಾಗಿ ಮಾರುವ ಕೆಲವು ದ್ರಾವಣಗಳಲ್ಲಿ ಕಾಸ್ಟಿಕ್ ಸೋಡವೂ ಸೇರಿರಬಹುದು. ತುಕ್ಕಿನ ಕಲೆ ತೆಗೆಯಲು ಆಕ್ಸಾಲಿಕ್ ಆಮ್ಲವನ್ನು ಬಳಸುವುದುಂಟು. ಇವು ಒಂದೊಂದೂ ತಮ್ಮ ಕೆಲಸದಲ್ಲಿ ಉಪಯುಕ್ತವೇ. ಆದರೆ ಒಂದರೊಡನೆ ಇನ್ನೊಂದು ಬೆರೆತಾಗ ಅಪಾಯ ಹುಟ್ಟುತ್ತದೆ. ಬ್ಲೀಚ್ ಅಥವಾ ಬ್ಲೀಚಿಂಗ್ ಪುಡಿಗೆ ಶೌಚಾಲಯ ತೊಳೆಯುವ ಆಮ್ಲ ಬೆರೆತರೆ ಕ್ಲೋರಿನ್ ಅನಿಲ ಏಳುತ್ತದೆ. ಕಿಟಕಿ ಮುಚ್ಚಿದ ಚಿಕ್ಕ ಬಚ್ಚಲಿನಲ್ಲಿ ಅದು ಕೆಲವೇ ನಿಮಿಷಗಳಲ್ಲಿ ಉಸಿರು ಕಟ್ಟಿಸುತ್ತದೆ. "ಎರಡನ್ನೂ ಸೇರಿಸಿದರೆ ಇನ್ನಷ್ಟು ಸ್ವಚ್ಛವಾಗುತ್ತದೆ" ಎಂಬ ತಿಳಿವಳಿಕೆ ನಮ್ಮ ಅನೇಕ ತಾಯಂದಿರಲ್ಲಿದೆ. ಇದು ತಪ್ಪು ತಿಳಿವಳಿಕೆ. ಇದನ್ನು ಇಂದೇ ಬಿಡಬೇಕು.

ನಮ್ಮ ಕಾನೂನು ಏನು ಹೇಳುತ್ತದೆ?

ಪೊಟ್ಟಣದ ಮೇಲೆ ಏನೇನು ಮುದ್ರಿಸಬೇಕೆಂಬುದನ್ನು ನಮ್ಮ ದೇಶದಲ್ಲಿ ಮುಖ್ಯವಾಗಿ ಹೇಳುವುದು 2011ರ ಕಾನೂನುಬದ್ಧ ಮಾಪನಶಾಸ್ತ್ರ ಪೊಟ್ಟಣ ಸಾಮಗ್ರಿ ನಿಯಮಗಳು. ತಯಾರಕರ ಅಥವಾ ಪೊಟ್ಟಣ ಕಟ್ಟಿದವರ ಹೆಸರು ಮತ್ತು ವಿಳಾಸ, ವಸ್ತುವಿನ ಸಾಮಾನ್ಯ ಹೆಸರು, ನಿವ್ವಳ ಪ್ರಮಾಣ, ತಯಾರಾದ ತಿಂಗಳು ಮತ್ತು ವರ್ಷ, ಗರಿಷ್ಠ ಮಾರಾಟ ಬೆಲೆ, ದೂರು ಹೇಳಲು ವಿಳಾಸ ಮತ್ತು ದೂರವಾಣಿ ಸಂಖ್ಯೆ ಇವು ಕಡ್ಡಾಯ. ಒಳ್ಳೆಯ ನಿಯಮಗಳೇ. ಆದರೆ ಗಮನವಿಟ್ಟು ನೋಡಿದರೆ ಇವೆಲ್ಲ ತೂಕ ಮತ್ತು ಬೆಲೆಯಲ್ಲಿ ಮೋಸವಾಗದಂತೆ ಮಾಡಿದ ಏರ್ಪಾಡು. ಇವು ನಮ್ಮ ಹಣದ ಚೀಲವನ್ನು ಕಾಯುತ್ತವೆ, ಮಗುವಿನ ಗಂಟಲನ್ನಲ್ಲ. ಮೇಲಾಗಿ ಈ ವಿವರಗಳು ಹಿಂದಿಯಲ್ಲಿ ಅಥವಾ ಇಂಗ್ಲಿಷಿನಲ್ಲಿದ್ದರೆ ಸಾಕು. ಬೇರೆ ಭಾಷೆಯನ್ನು ಸೇರಿಸುವುದು ತಯಾರಕರ ಇಚ್ಛೆಗೆ ಬಿಟ್ಟದ್ದು. ರಾಜ್ಯದಲ್ಲಿ ತಯಾರಾಗುವ ವಸ್ತುಗಳ ಹೆಸರು ಮತ್ತು ಬಳಕೆಯ ಸೂಚನೆ ಕನ್ನಡದಲ್ಲಿಯೂ ಇರಬೇಕೆಂಬ ಆಶಯ 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮದಲ್ಲಿದೆ. ಹೊರರಾಜ್ಯಗಳಿಂದ ಬರುವ ಪೊಟ್ಟಣಗಳ ವಿಷಯದಲ್ಲಿ ಕನ್ನಡವನ್ನಷ್ಟೇ ಬಲ್ಲ ಅಜ್ಜಿಗೆ ಅದರಿಂದಲೂ ನೆರವಿಲ್ಲ.

ಇತರ ವಸ್ತುಗಳೊಂದಿಗೆ ಹೋಲಿಸಿದರೆ ಈ ಕೊರತೆ ಸ್ಪಷ್ಟವಾಗುತ್ತದೆ. ಮೈಗೆ ಹಚ್ಚುವ ಸಾಬೂನು ನಮ್ಮ ಕಾನೂನಿನಲ್ಲಿ ಪ್ರಸಾಧನ ಸಾಮಗ್ರಿ. ಅದನ್ನು ತಯಾರಿಸಲು ಪರವಾನಗಿ ಬೇಕು, ಅದರಲ್ಲಿ ಏನೇನಿದೆ ಎಂಬುದನ್ನು ಮುದ್ರಿಸಬೇಕು. ಸೊಳ್ಳೆ ಓಡಿಸುವ ಬತ್ತಿ 1968ರ ಕೀಟನಾಶಕ ಅಧಿನಿಯಮಕ್ಕೆ ಒಳಪಟ್ಟಿದೆ. ಅದು ಮೊದಲು ನೋಂದಣಿಯಾಗಬೇಕು, ಅದರ ಮೇಲೆ ನೋಂದಣಿ ಸಂಖ್ಯೆ ಇರಬೇಕು. ಕೀಟನಾಶಕದ ಡಬ್ಬಿಯ ಮೇಲಿರುವ ಓರೆ ಚೌಕವನ್ನು ರೈತ ಬಾಂಧವರು ನೋಡಿಯೇ ಇರುತ್ತಾರೆ. ಅದರ ಕೆಳಭಾಗದ ತ್ರಿಕೋನ ಕೆಂಪಾಗಿದ್ದರೆ ಅತ್ಯಂತ ವಿಷಕಾರಿ, ಹಳದಿಯಾಗಿದ್ದರೆ ಹೆಚ್ಚು ವಿಷಕಾರಿ, ನೀಲಿಯಾಗಿದ್ದರೆ ಮಧ್ಯಮ, ಹಸಿರಾಗಿದ್ದರೆ ಅಲ್ಪ ವಿಷಕಾರಿ. ಓದು ಬಾರದವರಿಗೂ ಬಣ್ಣವು ಮಾತನಾಡುತ್ತದೆ. ಆ ಚೀಟಿ ಪ್ರಾದೇಶಿಕ ಭಾಷೆಯಲ್ಲಿಯೂ ಇರಬೇಕೆಂಬ ನಿಯಮವಿದೆ. ಬಟ್ಟೆ ಒಗೆಯುವ ಪುಡಿಗಾಗಲಿ ದ್ರಾವಣಕ್ಕಾಗಲಿ ಮಾರಾಟಕ್ಕೆ ಮುನ್ನ ಇಂಥ ಸುರಕ್ಷತಾ ನೋಂದಣಿ ನಮ್ಮಲ್ಲಿಲ್ಲ.

ಆಮ್ಲದ ವಿಷಯದಲ್ಲಿ ಮಾತ್ರ ಬಿಗಿಯಾದ ಕಟ್ಟಳೆ ಬಂದಿದೆ. ಹೆಣ್ಣುಮಕ್ಕಳ ಮೇಲೆ ಆಮ್ಲ ಎರಚುವ ಘೋರ ಕೃತ್ಯಗಳನ್ನು ಕಂಡು ಸರ್ವೋಚ್ಚ ನ್ಯಾಯಾಲಯವು 2013ರಲ್ಲಿ ಆದೇಶ ನೀಡಿತು. ಅದರಂತೆ ಬಿಡಿ ಆಮ್ಲ ಮಾರುವವರು ಕೊಳ್ಳುವವರ ಹೆಸರು, ವಿಳಾಸ, ಕೊಳ್ಳುವ ಕಾರಣ ಇವನ್ನು ದಾಖಲೆ ಪುಸ್ತಕದಲ್ಲಿ ಬರೆಯಬೇಕು, ಭಾವಚಿತ್ರವಿರುವ ಗುರುತಿನ ಚೀಟಿಯನ್ನು ನೋಡಬೇಕು, 18 ವರ್ಷದೊಳಗಿನವರಿಗೆ ಮಾರಬಾರದು. ತಪ್ಪಿದರೆ 50,000 ರೂಪಾಯಿಗಳವರೆಗೆ ದಂಡ. ಆದರೂ ಕೆಲವು ಓಣಿಗಳಲ್ಲಿ ಆಮ್ಲವು ಹಳೆಯ ಬಾಟಲಿಗಳಲ್ಲಿ ಹೆಸರಿಲ್ಲದೆ ಮಾರಾಟವಾಗುವುದನ್ನು ನಾವೆಲ್ಲ ಕಂಡಿದ್ದೇವೆ. ಕೊಳ್ಳುವವರು ಇರುವವರೆಗೂ ಮಾರುವವರು ಇದ್ದೇ ಇರುತ್ತಾರೆ.

ಅನ್ಯದೇಶಗಳು ಕಲಿತ ಪಾಠ

ಎರಡು ಕಡೆಯ ಅನುಭವ ನಮಗೆ ದಾರಿ ತೋರಬಲ್ಲದು. ಮೊದಲನೆಯದು ದಕ್ಷಿಣ ಕೊರಿಯಾದ್ದು. ಅಲ್ಲಿ ಚಳಿಗಾಲದಲ್ಲಿ ಕೋಣೆಯ ಗಾಳಿಗೆ ತೇವ ನೀಡುವ ಯಂತ್ರಗಳನ್ನು ಬಳಸುತ್ತಾರೆ. ಅವುಗಳ ನೀರು ಕೆಡದಿರಲೆಂದು ಬೆರೆಸುವ ಕ್ರಿಮಿನಾಶಕ ದ್ರಾವಣಗಳು 1994ರಿಂದ ಅಂಗಡಿಗಳಿಗೆ ಬಂದವು. 2011ರಲ್ಲಿ ರಾಜಧಾನಿ ಸಿಯೋಲ್‌ನ ದೊಡ್ಡ ಆಸ್ಪತ್ರೆಯೊಂದಕ್ಕೆ ಗರ್ಭಿಣಿಯರು, ಬಾಣಂತಿಯರು ಕಾರಣ ತಿಳಿಯದ ಶ್ವಾಸಕೋಶದ ರೋಗದಿಂದ ಒಬ್ಬರಾದ ಮೇಲೊಬ್ಬರಂತೆ ದಾಖಲಾದರು. ಹುಡುಕುತ್ತಾ ಹೋದಾಗ ಕಾರಣ ಆ ದ್ರಾವಣವೆಂದು ತಿಳಿಯಿತು. ಅದರಲ್ಲಿದ್ದ ರಾಸಾಯನಿಕವೊಂದನ್ನು ಬೇರೆ ಉಪಯೋಗಕ್ಕೆಂದು ಪರಿಶೀಲಿಸಿದ್ದರೇ ಹೊರತು, ಉಸಿರಿನೊಂದಿಗೆ ಒಳಗೆ ಹೋದರೆ ಏನಾಗುತ್ತದೆಂದು ಪರೀಕ್ಷಿಸಿರಲಿಲ್ಲ. ಸಂತ್ರಸ್ತರೆಂದು ದೂರು ದಾಖಲಿಸಿದವರಲ್ಲಿ ಸಾವಿರಕ್ಕೂ ಹೆಚ್ಚು ಮಂದಿ ತೀರಿಕೊಂಡರು.

ಆ ದುರಂತದ ಫಲವಾಗಿ ಅಲ್ಲಿ ಗೃಹಬಳಕೆಯ ರಾಸಾಯನಿಕಗಳಿಗೆ ಹೊಸ ಕಾನೂನು ರಚನೆಯಾಗಿ 2019ರ ಜನವರಿ 1ರಿಂದ ಜಾರಿಗೆ ಬಂದಿತು. ಬಟ್ಟೆಯ ಡಿಟರ್ಜೆಂಟ್, ಬ್ಲೀಚ್, ಬಟ್ಟೆಯನ್ನು ಮೃದುಗೊಳಿಸುವ ದ್ರಾವಣ ಇವೆಲ್ಲವೂ ಅದರ ವ್ಯಾಪ್ತಿಯಲ್ಲಿವೆ. ತಯಾರಕರು ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ, ಪರಿಸರ ಸಚಿವಾಲಯಕ್ಕೆ ವರದಿ ಸಲ್ಲಿಸಿ, ಒಂದು ಸಂಖ್ಯೆಯನ್ನು ಪಡೆದು ಅದನ್ನು ಚೀಟಿಯ ಮೇಲೆ ಮುದ್ರಿಸಬೇಕು. 3 ವರ್ಷಗಳಿಗೊಮ್ಮೆ ಮತ್ತೆ ಪರೀಕ್ಷೆ. ನೆಲಕ್ಕೆ ಹಿತವಾದದ್ದು ಉಸಿರಿಗೆ ಹಿತವಲ್ಲ. ದ್ರವ್ಯ ಒಂದೇ ಆದರೂ ಒಳಹೋಗುವ ದಾರಿ ಬದಲಾದರೆ ಪರಿಣಾಮವೂ ಬದಲಾಗುತ್ತದೆ. ವೈದ್ಯರೆಲ್ಲ ಬಲ್ಲ ಈ ಸತ್ಯವನ್ನು ಕಾನೂನಿಗೆ ಸೇರಿಸಲು ಅಲ್ಲಿ ಅಷ್ಟು ಜೀವಗಳು ಹೋಗಬೇಕಾಯಿತು.

ಎರಡನೆಯದು ಯುರೋಪಿನದು. ಅಲ್ಲಿ ಬಟ್ಟೆ ಒಗೆಯುವ ಯಂತ್ರಕ್ಕೆ ಹಾಕುವ ಬಣ್ಣಬಣ್ಣದ ದ್ರವದ ಗುಳಿಗೆಗಳು ಬಳಕೆಗೆ ಬಂದಾಗ ಮಕ್ಕಳು ಅವನ್ನು ಮಿಠಾಯಿಯೆಂದು ಕಚ್ಚತೊಡಗಿದರು. ತೆಳು ಪೊರೆ ಒಡೆದು ಸಾಂದ್ರವಾದ ದ್ರವವು ಗಂಟಲಿಗೆ, ಕಣ್ಣಿಗೆ ಚಿಮ್ಮುತ್ತಿತ್ತು. 2015ರ ಜೂನ್ 1ರಿಂದ ಅಲ್ಲಿ ಹೊಸ ನಿಯಮ ಬಂದಿತು. ಡಬ್ಬಿಯು ಒಳಗಿನದು ಕಾಣದಂತೆ ಇರಬೇಕು, ಮಕ್ಕಳಿಗೆ ಸುಲಭವಾಗಿ ತೆರೆಯಲು ಬರಬಾರದು. ಪೊರೆಗೆ ಕಹಿವಸ್ತು ಸೇರಿಸಿರಬೇಕು, ಬಾಯಿಗಿಟ್ಟ 6 ಸೆಕೆಂಡುಗಳೊಳಗೆ ಮಗು ಉಗುಳುವಂತಿರಬೇಕು. 20 ಡಿಗ್ರಿ ಉಷ್ಣತೆಯ ನೀರಿನಲ್ಲಿ ಕನಿಷ್ಠ 30 ಸೆಕೆಂಡು ಪೊರೆ ಒಡೆಯಬಾರದು. ಇಂಥ ಗುಳಿಗೆಗಳು ಈಗ ನಮ್ಮ ನಗರಗಳ ಅಂಗಡಿಗಳಲ್ಲಿಯೂ ದೊರೆಯುತ್ತವೆ. ವಿದೇಶದಲ್ಲಿರುವ ಮಕ್ಕಳು ಊರಿಗೆ ಬರುವಾಗ ತರುವುದೂ ಉಂಟು. ಅವನ್ನು ಅವುಗಳ ಡಬ್ಬಿಯಿಂದ ತೆಗೆದು ಗಾಜಿನ ಭರಣಿಯಲ್ಲಿ ಇಟ್ಟರೆ ಆ ಸುರಕ್ಷತೆಯನ್ನು ನಾವೇ ಕಿತ್ತೆಸೆದಂತೆ.

ಯುರೋಪಿನ ಇನ್ನೆರಡು ಏರ್ಪಾಡುಗಳು ನನ್ನ ಮನಸ್ಸನ್ನು ಮುಟ್ಟಿವೆ. ಚರ್ಮವನ್ನು ಸುಡುವ ದ್ರಾವಣದ ಸೀಸೆಗಳ ಮೇಲೆ ಬೆರಳಿಗೆ ತಾಗುವ ಉಬ್ಬು ತ್ರಿಕೋನವಿರಬೇಕೆಂಬುದು ಒಂದು. ಅದು ಕಣ್ಣು ಕಾಣದವರಿಗಾಗಿ. ಗದುಗಿನ ವೀರೇಶ್ವರ ಪುಣ್ಯಾಶ್ರಮದಂಥ ಸಂಸ್ಥೆ ಬೆಳೆದ ನಾಡಿನವರಾದ ನಮಗೆ ಅದರ ಬೆಲೆಯನ್ನು ವಿವರಿಸಬೇಕಾಗಿಲ್ಲ. ಎರಡನೆಯದು, ಅಪಾಯಕಾರಿ ಮಿಶ್ರಣಗಳ ಚೀಟಿಯ ಮೇಲಿನ 16 ಅಕ್ಷರ-ಅಂಕಿಗಳ ಒಂದು ಸಂಕೇತ. ತಯಾರಕರು ಮಿಶ್ರಣದ ವಿವರವನ್ನು ಮೊದಲೇ ಅಧಿಕಾರಿಗಳಿಗೆ ಸಲ್ಲಿಸಿರುತ್ತಾರೆ. ಮಗು ಕುಡಿದ ಕ್ಷಣದಲ್ಲಿ ತಾಯಿಯು ದೂರವಾಣಿಯಲ್ಲಿ ಆ ಸಂಕೇತವನ್ನು ಓದಿದರೆ ಸಾಕು, ಒಳಗೇನಿದೆ ಎಂಬುದು ವಿಷ ಮಾಹಿತಿ ಕೇಂದ್ರದವರಿಗೆ ತಿಳಿಯುತ್ತದೆ. ಆ ಮುಂಜಾನೆ ನಮಗೆ ಸಿಗದೆ ಹೋದ ಉತ್ತರ ಅದೇ ಆಗಿತ್ತು.

ಚೀಟಿಯಿಲ್ಲದಿದ್ದರೆ ಹೊಣೆಯೂ ಇಲ್ಲ

ನಮ್ಮಲ್ಲಿ ಅಂಥ ನೋಂದಣಿ ಇಲ್ಲವೆಂದು ಕೈಕಟ್ಟಿ ಕೂರಬೇಕಾಗಿಲ್ಲ. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದಲ್ಲಿ ಉತ್ಪನ್ನದ ಹೊಣೆಗಾರಿಕೆ ಎಂಬ ಅಧ್ಯಾಯವಿದೆ. ಸರಿಯಾದ ಬಳಕೆಯ ಸೂಚನೆಯನ್ನಾಗಲಿ ತಪ್ಪು ಬಳಕೆಯ ಎಚ್ಚರಿಕೆಯನ್ನಾಗಲಿ ತಯಾರಕರು ಸಾಕಷ್ಟು ಕೊಡದೆ, ಅದರಿಂದ ಹಾನಿಯಾದರೆ ಅವರು ಹೊಣೆಯಾಗುತ್ತಾರೆ. ಆದರೆ ಹೊಣೆ ಹೊರಿಸಲು ತಯಾರಕರ ಹೆಸರು ಬೇಕಲ್ಲವೇ? ಹೆಸರು ಇರುವುದು ಚೀಟಿಯ ಮೇಲೆ. ಚೀಟಿಯಿಲ್ಲದ ಬಾಟಲಿಯನ್ನು ಹತ್ತು ರೂಪಾಯಿ ಕಡಿಮೆಗೆ ಕೊಂಡಾಗ ನಾವು ಬಿಟ್ಟುಕೊಡುವುದು ಈ ಹಕ್ಕನ್ನೂ ಸೇರಿಸಿ. ಪೊಟ್ಟಣದ ಮೇಲೆ ಕಡ್ಡಾಯ ವಿವರಗಳಿಲ್ಲದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ತಿಳಿಸಬಹುದು.

ಮನೆಯಲ್ಲಿ, ದಾಸೋಹದಲ್ಲಿ ಪಾಲಿಸಬೇಕಾದ ನಿಯಮಗಳು

1. ತಯಾರಕರ ಹೆಸರು, ವಿಳಾಸವಿಲ್ಲದ ಬ್ಲೀಚ್, ಆಮ್ಲ, ಫಿನಾಯಿಲ್, ಒಗೆಯುವ ದ್ರಾವಣಗಳನ್ನು ಕೊಳ್ಳಬಾರದು.

2. ಒಂದು ವಸ್ತುವನ್ನು ಅದರ ಮೂಲ ಡಬ್ಬಿಯಲ್ಲಿಯೇ ಇಡಬೇಕು. ಕುಡಿಯುವ ನೀರಿನ, ಪಾನೀಯದ, ಎಣ್ಣೆಯ ಬಾಟಲಿಗೆ ಎಂದಿಗೂ ತುಂಬಬಾರದು. ಈ ಲೇಖನದಲ್ಲಿ ಒಂದೇ ಮಾತು ನೆನಪಿನಲ್ಲಿ ಉಳಿಯುವುದಾದರೆ ಅದು ಇದೇ ಆಗಿರಲಿ.

3. ಮಕ್ಕಳ ಕೈಗೆ ಸಿಗದ ಎತ್ತರದಲ್ಲಿ, ಆಹಾರ ಪದಾರ್ಥಗಳಿಂದ ದೂರದಲ್ಲಿ ಇಡಬೇಕು. ಒಗೆಯುವ ಸೋಡ ಮತ್ತು ಅಡುಗೆ ಸೋಡ ಒಂದೇ ಹಲಗೆಯ ಮೇಲೆ ಇರಕೂಡದು.

4. ಬ್ಲೀಚನ್ನು ಇನ್ನಾವ ದ್ರಾವಣದೊಂದಿಗೂ ಬೆರೆಸಬಾರದು. ಬಳಸುವಾಗ ಕಿಟಕಿ ತೆರೆದಿರಲಿ, ಕೈಗೆ ರಬ್ಬರ್ ಗವಸು ಇರಲಿ.

5. ಜಾತ್ರೆ, ಶಿವಾನುಭವಗೋಷ್ಠಿಗಳ ಕಾಲದಲ್ಲಿ ಮಠಗಳ ದಾಸೋಹಕ್ಕೆ ಬ್ಲೀಚಿಂಗ್ ಪುಡಿ, ಒಗೆಯುವ ಪುಡಿಗಳು ಮೂಟೆಗಟ್ಟಲೆ ಬರುತ್ತವೆ. ಅವು ಉಪ್ಪು, ಹಿಟ್ಟು, ಸಕ್ಕರೆಯ ಉಗ್ರಾಣದಲ್ಲಿ ಇರದಂತೆ ಬೇರೆ ಕೋಣೆಯನ್ನು ಗೊತ್ತುಮಾಡಬೇಕು. ಮೂಟೆಯ ಮೇಲೆ ದಪ್ಪ ಅಕ್ಷರಗಳಲ್ಲಿ ಕನ್ನಡದಲ್ಲಿ ಹೆಸರು ಬರೆದು, ಓದು ಬಾರದ ಸೇವಾಕರ್ತರಿಗಾಗಿ ಕೆಂಪು ಬಣ್ಣದ ಗುರುತು ಹಾಕಬೇಕು.

6. ಇಂಗ್ಲಿಷ್ ಬಲ್ಲ ಮಕ್ಕಳು ಮನೆಯ ಸೀಸೆಗಳ ಮೇಲಿನ ಎಚ್ಚರಿಕೆಯನ್ನು ಹಿರಿಯರಿಗೆ ಒಮ್ಮೆ ಓದಿ ಹೇಳಲಿ. ಕೆಂಪು ಅಂಚಿನ ಓರೆ ಚೌಕದೊಳಗೆ ಕೈಯ ಮೇಲೆ ಹನಿ ಬೀಳುವ ಚಿತ್ರವಿದ್ದರೆ ಅದು ಮಾಂಸವನ್ನು ಸುಡುವ ವಸ್ತುವೆಂದು ಅರ್ಥ.

ಅನಾಹುತವಾದಾಗ

ಇಲ್ಲಿ ಆಯುರ್ವೇದ ವೈದ್ಯನಾಗಿಯೇ ಒಂದು ಮಾತನ್ನು ಒತ್ತಿ ಹೇಳುತ್ತೇನೆ. ವಮನವು ಪಂಚಕರ್ಮಗಳಲ್ಲಿ ಒಂದು, ಶ್ರೇಷ್ಠ ಚಿಕಿತ್ಸೆ. ಆದರೆ ಕ್ಷಾರ, ಆಮ್ಲ, ಬ್ಲೀಚ್, ಒಗೆಯುವ ದ್ರಾವಣ ಕುಡಿದವರಿಗೆ ವಾಂತಿ ಮಾಡಿಸಲೇಬಾರದು. ಇಳಿಯುವಾಗ ಒಮ್ಮೆ ಸುಟ್ಟದ್ದು ಮೇಲೆ ಬರುವಾಗ ಮತ್ತೊಮ್ಮೆ ಸುಡುತ್ತದೆ. ನೊರೆಯು ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಸಂಚಕಾರ. ಉಪ್ಪುನೀರು ಬೇಡ, ಹುಣಸೆನೀರು ಬೇಡ. ಕ್ಷಾರಕ್ಕೆ ನಿಂಬೆರಸ ಮದ್ದೆಂಬ ಮಾತೂ ಸಲ್ಲದು. ಎರಡೂ ಬೆರೆತಾಗ ಶಾಖ ಹುಟ್ಟಿ ಗಾಯ ಹೆಚ್ಚುತ್ತದೆ. ನಮ್ಮ ಯಾವ ಕಷಾಯವೂ ಆ ಹೊತ್ತಿನಲ್ಲಿ ಆಸ್ಪತ್ರೆಗೆ ಬದಲಿಯಲ್ಲ.

ಮಾಡಬೇಕಾದದ್ದು ಇಷ್ಟು. ಬಾಯಿಯನ್ನು ನೀರಿನಿಂದ ಮುಕ್ಕಳಿಸಿ ಉಗುಳಿಸಬೇಕು. ವೈದ್ಯರನ್ನು ಕೇಳದೆ ಬೇರೇನನ್ನೂ ಕುಡಿಸಬಾರದು. ಕಣ್ಣಿಗೆ ಬಿದ್ದರೆ ರೆಪ್ಪೆ ಬಿಡಿಸಿ ಹರಿಯುವ ನೀರಿನಲ್ಲಿ 15ರಿಂದ 20 ನಿಮಿಷ ತೊಳೆಯಬೇಕು. ಮೈಮೇಲೆ ಚೆಲ್ಲಿದರೆ ಬಟ್ಟೆ ತೆಗೆದು ಧಾರಾಳ ನೀರು ಸುರಿಯಬೇಕು. ಅನಿಲ ಕುಡಿದವರನ್ನು ಬಯಲ ಗಾಳಿಗೆ ತರಬೇಕು. 108ಕ್ಕೆ ಕರೆ ಮಾಡಬೇಕು. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಶುಲ್ಕರಹಿತ ಸಂಖ್ಯೆ 1800 116 117. ಇದನ್ನು ಮನೆಯ ಗೋಡೆಯ ಮೇಲೆ ಬರೆದಿಡಿ. ಆಸ್ಪತ್ರೆಗೆ ಹೊರಡುವಾಗ ಕುಡಿದ ಸೀಸೆಯನ್ನು ಚೀಟಿಯ ಸಮೇತ ತಪ್ಪದೆ ಕೊಂಡೊಯ್ಯಬೇಕು.

ಬಟ್ಟೆಯನ್ನು ಮಡಿ ಮಾಡುವುದು ಮಾಚಿದೇವರು ನಮಗೆ ಕಲಿಸಿದ ಕಾಯಕ. ಆ ಕಾಯಕದ ಸಾಮಗ್ರಿಯು ನಮ್ಮ ಮನೆಯ ಮಗುವಿಗೆ ಮುಳುವಾಗದಂತೆ ಕಾಯುವುದೂ ಕಾಯಕದ ಭಾಗವೇ. ಈ ಸಂಚಿಕೆಯನ್ನು ಕೆಳಗಿಟ್ಟ ಕೂಡಲೇ ಸದ್ಭಕ್ತರು ಒಮ್ಮೆ ತಮ್ಮ ಬಚ್ಚಲುಮನೆಗೆ ಹೋಗಿ ನೋಡಬೇಕೆಂದು ವಿನಂತಿಸುತ್ತೇನೆ. ಪಾನೀಯದ ಬಾಟಲಿಯಲ್ಲಿ ಬೇರೇನಾದರೂ ತುಂಬಿಟ್ಟಿದ್ದರೆ ಇಂದೇ ಅದನ್ನು ತೆಗೆದುಬಿಡಿ.